ಹೋಗುವಾಗ ಎಂಟು ಗಂಟೆ, ಬರುವಾಗ ಏಳು: ವಿಮಾನದ ದೂರ ಮತ್ತು ಸಮಯದ ಲೆಕ್ಕ

"ಲಂಡನ್‌ನಿಂದ ನ್ಯೂಯಾರ್ಕ್‌ಗೆ ವಿಮಾನದಲ್ಲಿ ಎಂಟು ಗಂಟೆ. ಅದೇ ನ್ಯೂಯಾರ್ಕ್‌ನಿಂದ ವಾಪಸ್ ಬರುವಾಗ ಏಳೇ ಗಂಟೆ. ದೂರ ಒಂದೇ, ವಿಮಾನವೂ ಒಂದೇ. ಹಾಗಾದರೆ ಒಂದು ಗಂಟೆ ಎಲ್ಲಿ ಹೋಯಿತು? ಭೂಮಿ ತಿರುಗುತ್ತಿದೆಯಲ್ಲ, ಅದಕ್ಕೇ!" ಇಂಥದ್ದೊಂದು ಸಂದೇಶ ವಾಟ್ಸ್ಯಾಪ್ ಗುಂಪುಗಳಲ್ಲಿ ಆಗಾಗ ತಿರುಗುತ್ತಿರುತ್ತದೆ. ಇದರ ಜೊತೆಗೆ ಇನ್ನೊಂದು ತರಲೆ ಪ್ರಶ್ನೆಯೂ ಬರುತ್ತದೆ: "ಹೆಲಿಕಾಪ್ಟರ್ ಮೇಲೇರಿ ಗಾಳಿಯಲ್ಲಿ ಸುಮ್ಮನೆ ನಿಂತರೆ ಸಾಲದೇ? ಕೆಳಗೆ ಭೂಮಿ ತಿರುಗಿ ಅಮೆರಿಕವೇ ಬಂದುಬಿಡುತ್ತದಲ್ಲ?" ಮೂರನೆಯದು ಸ್ವಲ್ಪ ಗಂಭೀರ ಮುಖ ಹೊತ್ತು ಬರುತ್ತದೆ. ಭೂಪಟದ ಮೇಲೆ ಬಾಗಿದ ಗೆರೆಯೊಂದನ್ನು ತೋರಿಸಿ, ವಿಮಾನ ಕಂಪನಿಗಳು ಬೇಕೆಂದೇ ಸುತ್ತು ದಾರಿಯಲ್ಲಿ ಹೋಗುತ್ತವೆ, ಇದರ ಹಿಂದೆ ಏನೋ ಇದೆ ಎನ್ನುತ್ತದೆ.

ಮೊದಲ ಸಂದೇಶದಲ್ಲಿರುವ ಗಂಟೆಗಳ ಲೆಕ್ಕ ಸುಮಾರಾಗಿ ಸರಿ. ಕೊಟ್ಟ ಕಾರಣ ತಪ್ಪು. ಇಲ್ಲಿ ಇನ್ನೊಂದು ತಮಾಷೆ ಇದೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ವಿಮಾನದ ಕೆಳಗೆ ಭೂಮಿ ತಾನೇ ಜಾರಿಹೋಗುವುದು ನಿಜವಾಗಿದ್ದರೆ, ಲಂಡನ್‌ನಿಂದ ಪಶ್ಚಿಮಕ್ಕೆ ಹೊರಟವರಿಗೆ ನ್ಯೂಯಾರ್ಕ್ ಎದುರು ಬಂದು ಸಿಗಬೇಕಿತ್ತು. ಅಂದರೆ ಹೋಗುವ ಪ್ರಯಾಣವೇ ಬೇಗ ಮುಗಿಯಬೇಕಿತ್ತು. ಆಗುತ್ತಿರುವುದು ಅದರ ಉಲ್ಟಾ. ಸಂದೇಶ ಬರೆದವರು ತಮ್ಮ ವಾದವನ್ನು ತಾವೇ ಕೊನೆಯವರೆಗೆ ಯೋಚಿಸಿಲ್ಲ.

ಮದುವೆ ಮನೆಯ ಡ್ರೋನ್ ಮಂಗಳೂರಿಗೆ ಹೋಗುವುದಿಲ್ಲ

ಹೆಲಿಕಾಪ್ಟರ್ ಎಲ್ಲರಿಗೂ ಸಿಗುವುದಿಲ್ಲ. ಆದರೆ ಈಗ ಮದುವೆಗಳಲ್ಲಿ ಡ್ರೋನ್ ಕ್ಯಾಮೆರಾ ಇದ್ದೇ ಇರುತ್ತದೆ, ಅದನ್ನೇ ನೋಡೋಣ. ಬೆಂಗಳೂರು ಇರುವ ಅಕ್ಷಾಂಶದಲ್ಲಿ ಭೂಮಿಯ ಮೇಲ್ಮೈ ಗಂಟೆಗೆ ಸುಮಾರು 1,630 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿರುತ್ತದೆ. ಮಂಗಳೂರು ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿ, ನೇರ ಪಶ್ಚಿಮಕ್ಕೆ ಸುಮಾರು 300 ಕಿ.ಮೀ. ದೂರದಲ್ಲಿದೆ. ಹಾಗಿದ್ದರೆ ಬೆಂಗಳೂರಿನ ಛತ್ರವೊಂದರ ಮೇಲೆ ಡ್ರೋನ್ ಹನ್ನೊಂದು ನಿಮಿಷ ಅಲುಗಾಡದೆ ನಿಂತರೆ, ಕೆಳಗೆ ಮಂಗಳೂರು ಬಂದಿರಬೇಕು! ಶಿರಾಡಿ ಘಾಟಿಯ ಗೋಜೇ ಬೇಡ. ಆದರೆ ಡ್ರೋನ್ ಇಳಿಯುವುದು ಅದೇ ಛತ್ರದ ಅಂಗಳದಲ್ಲಿ.

ಯಾಕೆಂದರೆ ನೆಲದ ಮೇಲಿದ್ದಾಗಲೇ ಡ್ರೋನ್ ಕೂಡ ಭೂಮಿಯ ಜೊತೆಗೆ ಅದೇ 1,630 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಹೋಗುತ್ತಿತ್ತು. ಮೇಲೇರಿದಾಕ್ಷಣ ಆ ವೇಗ ಮಾಯವಾಗುವುದಿಲ್ಲ. ಸುತ್ತಲಿನ ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತಿದೆ. ಓಡುವ ರೈಲಿನೊಳಗೆ ಕಿತ್ತಳೆ ಹಣ್ಣನ್ನು ಮೇಲಕ್ಕೆ ಎಸೆದರೆ ಅದು ಹಿಂದಿನ ಬೋಗಿಗೆ ಹಾರುವುದಿಲ್ಲ, ನಿಮ್ಮ ಕೈಗೇ ಬೀಳುತ್ತದೆ. ಇದೂ ಅಷ್ಟೇ.

ಈ ಪ್ರಶ್ನೆ ಕೇಳುವವರನ್ನು ನಾವು ಹಗುರವಾಗಿ ಕಾಣುವುದಿಲ್ಲ. ಇದು ಸುಮಾರು ಒಂದೂವರೆ ಸಾವಿರ ವರ್ಷ ಹಳೆಯ ಪ್ರಶ್ನೆ. ಕ್ರಿ.ಶ. 499ರ 'ಆರ್ಯಭಟೀಯ'ದಲ್ಲಿ ಆರ್ಯಭಟ, ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡದ ಮರಗಳು ಹಿಂದಕ್ಕೆ ಹೋದಂತೆ ಕಾಣುವ ಹೋಲಿಕೆ ಕೊಟ್ಟು, ನಕ್ಷತ್ರಗಳು ಪಶ್ಚಿಮಕ್ಕೆ ಸಾಗಿದಂತೆ ಕಾಣುವುದನ್ನು ವಿವರಿಸಿದ. ಮುಂದಿನ ಶತಮಾನದಲ್ಲಿ ವರಾಹಮಿಹಿರ ತನ್ನ 'ಪಂಚಸಿದ್ಧಾಂತಿಕಾ'ದಲ್ಲಿ ಇದನ್ನು ಒಪ್ಪಲಿಲ್ಲ. ಭೂಮಿ ತಿರುಗುವುದಾದರೆ ಆಕಾಶಕ್ಕೆ ಹಾರಿದ ಗಿಡುಗ ಮತ್ತೆ ತನ್ನ ಗೂಡಿಗೆ ಮರಳುವುದು ಹೇಗೆ ಎಂಬುದು ಅವನ ಆಕ್ಷೇಪ. ಗಿಡುಗದ ಜಾಗದಲ್ಲಿ ಹೆಲಿಕಾಪ್ಟರ್ ಇಟ್ಟರೆ ಇವತ್ತಿನ ಫಾರ್ವರ್ಡ್ ಸಿದ್ಧ. ಜೊತೆಗೇ ಸಾಗುವ ವಸ್ತು ಆ ವೇಗವನ್ನು ಉಳಿಸಿಕೊಳ್ಳುತ್ತದೆ ಎಂಬ ಉತ್ತರ ಯೂರೋಪಿನಲ್ಲಿ ಗಟ್ಟಿಯಾಗಿ ನೆಲೆಯೂರಲು ಗೆಲಿಲಿಯೋ 1632ರ ತನ್ನ ಪುಸ್ತಕದಲ್ಲಿ ಹಡಗಿನ ಉದಾಹರಣೆ ಕೊಡಬೇಕಾಯಿತು.

ಹಾಗಾದರೆ ಆ ಒಂದು ಗಂಟೆ?

ಉತ್ತರ: ಗಾಳಿ. ಪ್ರಯಾಣಿಕರ ಜೆಟ್ ವಿಮಾನಗಳು ಹಾರುವ 10ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿಯ ಹೊಳೆಗಳು ಹರಿಯುತ್ತವೆ. ಇವಕ್ಕೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ವೇಗ ಗಂಟೆಗೆ 200 ಕಿ.ಮೀ. ದಾಟುವುದು ಸಾಮಾನ್ಯ, ಕೆಲವೊಮ್ಮೆ 300ನ್ನೂ ಮೀರುತ್ತದೆ. ವಿಮಾನದ ಎಂಜಿನ್ ವಿಮಾನವನ್ನು ತಳ್ಳುವುದು ಗಾಳಿಯೊಳಗೆ. ಆ ಗಾಳಿಯೇ ಓಡುತ್ತಿದ್ದರೆ ವಿಮಾನವನ್ನೂ ಹೊತ್ತುಕೊಂಡು ಹೋಗುತ್ತದೆ. ತುಂಬಿದ ಹೊಳೆಯಲ್ಲಿ ದೋಣಿ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2020ರ ಫೆಬ್ರವರಿಯಲ್ಲಿ 'ಸಿಯಾರಾ' ಎಂಬ ಬಿರುಗಾಳಿಯ ಹೊತ್ತಿನಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ ಬರೀ 4 ಗಂಟೆ 56 ನಿಮಿಷದಲ್ಲಿ ತಲುಪಿತು. ನೆಲದ ಲೆಕ್ಕದಲ್ಲಿ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,300 ಕಿ.ಮೀ. ಮುಟ್ಟಿತ್ತು. ಆಗ "ಶಬ್ದಕ್ಕಿಂತ ವೇಗವಾಗಿ ಹಾರಿದ ವಿಮಾನ" ಎಂಬ ಸುದ್ದಿಯೂ ಓಡಾಡಿತು. ಅದೂ ಸರಿಯಲ್ಲ. ವಿಮಾನ ಶಬ್ದದ ವೇಗ ದಾಟಿತೇ ಎಂದು ಅಳೆಯುವುದು ಸುತ್ತಲಿನ ಗಾಳಿಗೆ ಹೋಲಿಸಿ. ಆ ಗಾಳಿಯೊಳಗೆ ವಿಮಾನ ಎಂದಿನ 900 ಕಿ.ಮೀ. ಆಸುಪಾಸಿನಲ್ಲೇ ಇತ್ತು, ಉಳಿದ 400 ಕಿ.ಮೀ. ಬಿರುಗಾಳಿ ಕೊಟ್ಟ ಪುಕ್ಕಟೆ ಸವಾರಿ.

ಇದನ್ನು ನೋಡಲು ಅಟ್ಲಾಂಟಿಕ್ ಸಾಗರಕ್ಕೆ ಹೋಗಬೇಕಿಲ್ಲ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಇಂಥದ್ದೇ ಪಶ್ಚಿಮದ ಗಾಳಿ ಬೀಸುತ್ತಿರುತ್ತದೆ. ದೆಹಲಿಗೂ ಗುವಾಹಟಿಗೂ ಅಂತರ ಸುಮಾರು 1,460 ಕಿ.ಮೀ. ಜನವರಿ ತಿಂಗಳ ವೇಳಾಪಟ್ಟಿ ತೆರೆದು ನೋಡಿ: ದೆಹಲಿಯಿಂದ ಗುವಾಹಟಿಗೆ ಹೋಗುವ ಅವಧಿಗಿಂತ ವಾಪಸ್ ಬರುವ ಅವಧಿ ಹೆಚ್ಚು. ಅದೇ ಬೆಂಗಳೂರು–ದೆಹಲಿ ಟಿಕೆಟ್ ನೋಡಿದರೆ ಹೋಗಲು ಬರಲು ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಎರಡೂ ಊರು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ದಾರಿ ದಕ್ಷಿಣೋತ್ತರ, ಗಾಳಿ ಅಡ್ಡ.

ಗಾಳಿ ಹೋಗುವಾಗ ಕಳೆದುಕೊಂಡಿದ್ದನ್ನು ಬರುವಾಗ ಕೊಡುತ್ತದೆ, ಲೆಕ್ಕ ಸರಿಹೋಗುತ್ತದೆ ಎಂದು ಅನ್ನಿಸಬಹುದು. ಹೋಗುವುದಿಲ್ಲ. 1,500 ಕಿ.ಮೀ. ದಾರಿಯನ್ನು 900 ಕಿ.ಮೀ. ವೇಗದಲ್ಲಿ ಹೋಗಿಬರಲು 3 ಗಂಟೆ 20 ನಿಮಿಷ ಬೇಕು. 150 ಕಿ.ಮೀ. ವೇಗದ ಗಾಳಿ ಇದ್ದರೆ ಒಂದು ಕಡೆಗೆ 1 ಗಂಟೆ 26 ನಿಮಿಷ, ಇನ್ನೊಂದು ಕಡೆಗೆ 2 ಗಂಟೆ. ಒಟ್ಟು ಆರು ನಿಮಿಷ ನಷ್ಟ. ಎದುರು ಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುವುದೇ ಇದಕ್ಕೆ ಕಾರಣ. ಆ ನಿಮಿಷಗಳ ಇಂಧನದ ದುಡ್ಡು ಕೊನೆಗೆ ಸೇರುವುದು ಟಿಕೆಟ್ ದರಕ್ಕೇ.

ಭೂಮಿಯ ತಿರುಗುವಿಕೆಗೂ ಜೆಟ್ ಸ್ಟ್ರೀಮ್‌ಗೂ ಸಂಬಂಧವೇ ಇಲ್ಲವೇ ಎಂದರೆ, ಇದೆ. ಬಿಸಿಯಾದ ಸಮಭಾಜಕದ ಕಡೆಯಿಂದ ಧ್ರುವಗಳತ್ತ ಹೊರಟ ಗಾಳಿ, ಭೂಮಿ ತಿರುಗುತ್ತಿರುವುದರಿಂದಲೇ ಪೂರ್ವಕ್ಕೆ ಬಾಗಿ ವೇಗ ಪಡೆಯುತ್ತದೆ. ಹಾಗಾಗಿ ಫಾರ್ವರ್ಡ್ ಬರೆದವರು ಒಂದು ಮೂಲೆಯಲ್ಲಿ ಸತ್ಯಕ್ಕೆ ಹತ್ತಿರ ಬಂದಿದ್ದರು ಎನ್ನಬಹುದು. ಆದರೆ ವಿಮಾನವನ್ನು ತಳ್ಳುವುದು ಗಾಳಿಯೇ ಎಂಬುದಕ್ಕೆ ನಮ್ಮ ಮಳೆಗಾಲವೇ ಸಾಕ್ಷಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಭಾರತದ ಮೇಲೆ, ಬಹಳ ಎತ್ತರದಲ್ಲಿ, ಗಾಳಿ ದಿಕ್ಕು ಬದಲಿಸಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಇದನ್ನು ವಿವರವಾಗಿ ಅಧ್ಯಯನ ಮಾಡಿದ ಮುಖ್ಯರಲ್ಲಿ ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಒಬ್ಬರು. ಅವರ ಪ್ರಸಿದ್ಧ ಲೇಖನ ಬಂದದ್ದು 1958ರಲ್ಲಿ. ಜೂನ್ ಬಂತೆಂದು ಭೂಮಿ ಉಲ್ಟಾ ತಿರುಗುವುದಿಲ್ಲ. ಗಾಳಿ ತಿರುಗುತ್ತದೆ, ವಿಮಾನಕ್ಕೆ ಸಿಗುವ ಲಾಭವೂ ತಿರುಗುತ್ತದೆ.

ಜೆಟ್ ಸ್ಟ್ರೀಮ್ ಪತ್ತೆಯ ಕಥೆಯೂ ಚೆನ್ನಾಗಿದೆ. ಜಪಾನಿನ ವಾಸಾಬುರೋ ಓಯಿಶಿ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಸಿ ಈ ಗಾಳಿಯನ್ನು ಅಳೆದಿದ್ದ. ಇಡೀ ಜಗತ್ತು ಓದಲಿ ಎಂದು ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಬರೆದ. ಹೆಚ್ಚಿನವರು ಓದಲೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರ್ ವಿಮಾನಗಳು ಈ ಗಾಳಿಗೆ ಸಿಕ್ಕಿ ಪರದಾಡಿದವು.

ಬಾಗಿದ ಗೆರೆಯೇ ನೇರ ದಾರಿ

ಈಗ ಮೂರನೇ ಸಂದೇಶ. ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಗೋಡೆಯ ಮೇಲಿನ ಭೂಪಟದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆಯಿರಿ. ಗೆರೆ ಪೂರ್ವಕ್ಕೆ ಹೊರಟು, ಪೆಸಿಫಿಕ್ ಸಾಗರ ದಾಟಿ ಹೋಗುತ್ತದೆ. ಆ "ನೇರ" ಗೆರೆಯ ಉದ್ದ ಸುಮಾರು 16,100 ಕಿ.ಮೀ. ನಿಜವಾದ ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಮಾತ್ರ, ಅದು ಉತ್ತರಕ್ಕೆ ಏರಿ, ಸೈಬೀರಿಯಾದ ತುದಿಯನ್ನು ಹಾಯ್ದು, ಮತ್ತೆ ಕೆಳಗಿಳಿಯುತ್ತದೆ. ಎರಡು ಸಾವಿರಕ್ಕೂ ಹೆಚ್ಚು ಕಿ.ಮೀ. ಉಳಿತಾಯ. ಭೂಪಟದಲ್ಲಿ ಇದು ದೊಡ್ಡ ಬಿಲ್ಲಿನಂತೆ ಬಾಗಿ ಕಾಣುತ್ತದೆ.

ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಮೋಸಂಬಿ ತೆಗೆದುಕೊಳ್ಳಿ. ನಡುವಿಗಿಂತ ಸ್ವಲ್ಪ ಮೇಲೆ ಒಂದು ಗುಂಡುಸೂಜಿ ಚುಚ್ಚಿ, ಹಣ್ಣಿನ ಆಚೆ ಬದಿಯಲ್ಲಿ ಹೆಚ್ಚುಕಡಿಮೆ ಎದುರಿಗೆ ಇನ್ನೂ ಸ್ವಲ್ಪ ಮೇಲೆ ಇನ್ನೊಂದು ಚುಚ್ಚಿ. ಎರಡಕ್ಕೂ ಒಂದು ದಾರ ಸಿಕ್ಕಿಸಿ ಬಿಗಿಯಾಗಿ ಎಳೆಯಿರಿ. ದಾರ ಹಣ್ಣಿನ ಹೊಟ್ಟೆಯನ್ನು ಸುತ್ತಿ ಹೋಗುವುದಿಲ್ಲ, ತಲೆಯ ಕಡೆಗೆ ಜಾರುತ್ತದೆ. ತಲೆ ಅಂದರೆ ಉತ್ತರ ಧ್ರುವ. ಮೋಸಂಬಿ ಸಿಪ್ಪೆಯನ್ನು ಸುಲಿದು ಮೇಜಿನ ಮೇಲೆ ಚಪ್ಪಟೆ ಮಾಡಲು ಹೋದರೆ ಅದು ಹರಿಯುತ್ತದೆ. ಹರಿಯದಂತೆ ಹಿಗ್ಗಿಸಿ ಮಾಡಿದ್ದೇ ನಾವು ಶಾಲೆಯಲ್ಲಿ ನೋಡುವ ಭೂಪಟ. 1569ರಲ್ಲಿ ಮರ್ಕೇಟರ್ ಅದನ್ನು ರಚಿಸಿದ್ದು ಹಡಗಿನವರು ದಿಕ್ಸೂಚಿ ಹಿಡಿದು ಸಾಗಲಿ ಎಂದು. ಆ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ಆಫ್ರಿಕಾ ಅದರ ಸುಮಾರು ಹದಿನಾಲ್ಕು ಪಟ್ಟು ದೊಡ್ಡದು.

2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಕ್ಯಾಪ್ಟನ್ ಝೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿನಿಂದ ಬೆಂಗಳೂರಿಗೆ ಬಂದಿಳಿದದ್ದು ಹಲವರಿಗೆ ನೆನಪಿರಬಹುದು. ಸರಿಯಾಗಿ ಧ್ರುವದ ಮೇಲೆಯೇ ಹಾಯ್ದು ಬಂದರೂ ಲೆಕ್ಕಕ್ಕೆ ಹೆಚ್ಚುವರಿ ದೂರ ನಾನೂರು ಕಿ.ಮೀ. ಒಳಗೇ.

ಆದರೆ ಅತಿ ಹತ್ತಿರದ ದಾರಿಯಲ್ಲೇ ವಿಮಾನ ಹೋಗಬೇಕೆಂದಿಲ್ಲ. ಹಿಮಾಲಯ ಮತ್ತು ಟಿಬೆಟ್ ಮೇಲೆ ಹಾರಾಟ ವಿರಳವಾಗಿರುವುದಕ್ಕೂ ಒಂದಿಷ್ಟು ಫಾರ್ವರ್ಡ್‌ಗಳಿವೆ, "ನಿಗೂಢ ಶಕ್ತಿ" ಇತ್ಯಾದಿ. ನಿಜವಾದ ಕಾರಣ ನಿಮ್ಮ ತಲೆಯ ಮೇಲಿನ ಆಮ್ಲಜನಕದ ಮುಖವಾಡ. ಕ್ಯಾಬಿನ್ ಒತ್ತಡ ಕುಸಿದರೆ ಪೈಲಟ್ ಬೇಗ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ಮುಖವಾಡದ ಆಮ್ಲಜನಕ ಹೆಚ್ಚಿನ ವಿಮಾನಗಳಲ್ಲಿ ಬರುವುದು ಹತ್ತು ಇಪ್ಪತ್ತು ನಿಮಿಷ. ಇಳಿಯುವುದೆಲ್ಲಿ?

ಇನ್ನೊಂದು ಕಾರಣ ರಾಜಕೀಯ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ತನ್ನ ವಾಯುಪ್ರದೇಶ ಮುಚ್ಚಿದ ಮೇಲೆ ದೆಹಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿಯಬೇಕಾಯಿತು. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದಾಗ ಫಿನ್‌ಲ್ಯಾಂಡ್‌ನ ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆಯ ಪ್ರಯಾಣ ಹದಿಮೂರು ಗಂಟೆಯಾಯಿತು. ಊರುಗಳ ನಡುವಿನ ದೂರ ಒಂದು ಕಿಲೋಮೀಟರೂ ಬದಲಾಗಿರಲಿಲ್ಲ.

ವೆಬ್‌ಸೈಟಿನ ಸಮಯ, ಟಿಕೆಟಿನ ಸಮಯ

ಗೂಗಲ್‌ನಲ್ಲಿ ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ "ದೂರ ಇಷ್ಟು, ಹಾರಾಟದ ಸಮಯ ಇಷ್ಟು" ಎಂದು ಹೇಳುವ ಪುಟಗಳು ಬೇಕಾದಷ್ಟು ಸಿಗುತ್ತವೆ. ಇಂಥ ಹಲವು ಪುಟಗಳು ಮಾಡುವುದು ಸರಳ ಭಾಗಾಕಾರ. ಅತಿ ಹತ್ತಿರದ ದೂರವನ್ನು 800–900 ಕಿ.ಮೀ. ವೇಗದಿಂದ ಭಾಗಿಸಿ, ಏರಲು ಇಳಿಯಲು ಎಂದು ಅರ್ಧ ಗಂಟೆ ಸೇರಿಸುತ್ತವೆ. ಬೆಂಗಳೂರು–ದೆಹಲಿ ಸುಮಾರು 1,700 ಕಿ.ಮೀ., ಉತ್ತರ ಎರಡೂವರೆ ಗಂಟೆ. ಟಿಕೆಟ್‌ನಲ್ಲಿ ಇರುವುದು ಎರಡೂಮುಕ್ಕಾಲರಿಂದ ಮೂರು ಗಂಟೆ. ಸುಳ್ಳು ಯಾರೂ ಹೇಳುತ್ತಿಲ್ಲ. ಟಿಕೆಟ್‌ನ ಅವಧಿ ಶುರುವಾಗುವುದು ವಿಮಾನ ನಿಂತ ಜಾಗದಿಂದ ಹಿಂದೆ ಸರಿದಾಗ, ಮುಗಿಯುವುದು ಇನ್ನೊಂದು ಊರಿನಲ್ಲಿ ನಿಲುಗಡೆಯ ಜಾಗ ಸೇರಿದಾಗ. ರನ್‌ವೇವರೆಗಿನ ಓಡಾಟ, ಸರದಿಯಲ್ಲಿ ಕಾಯುವುದು, ದೆಹಲಿಯ ಮೇಲೆ ಒಂದೆರಡು ಸುತ್ತು ಹೊಡೆಯುವುದು ಎಲ್ಲವೂ ಅದರೊಳಗೆ.

ಕಂಪನಿಗಳು ಇದಕ್ಕೆ ಸ್ವಲ್ಪ ಸಮಯವನ್ನು ಮುಂಚೆಯೇ ಕೂಡಿಸಿಟ್ಟುಕೊಂಡಿರುತ್ತವೆ. ನಿಗದಿತ ಹೊತ್ತಿನ ಹದಿನೈದು ನಿಮಿಷದೊಳಗಿದ್ದರೆ "ಸಮಯಕ್ಕೆ ಸರಿಯಾಗಿ" ಎಂದೇ ಲೆಕ್ಕ. ತಡವಾಗಿ ಹೊರಟರೂ ಸರಿಯಾದ ಹೊತ್ತಿಗೆ ಇಳಿದೆವೆಂದು ಪೈಲಟ್‌ಗೆ ಚಪ್ಪಾಳೆ ಹೊಡೆಯುವವರಿಗೆ ಈ ಗುಟ್ಟು ತಿಳಿದಿರುವುದಿಲ್ಲ!

ದೂರ ಕಡಿಮೆಯಾದಷ್ಟೂ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಬೆಂಗಳೂರು–ಮಂಗಳೂರು ವಿಮಾನ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯ ಆಸುಪಾಸು, ಟಿಕೆಟ್‌ನಲ್ಲಿ ಒಂದು ಗಂಟೆಯ ಮೇಲೆ. ಅದಕ್ಕೆ ದೇವನಹಳ್ಳಿ ತಲುಪುವ, ಎರಡು ಗಂಟೆ ಮುಂಚೆ ಹೋಗಿ ಕೂರುವ ಸಮಯ ಸೇರಿಸಿದರೆ ರಾತ್ರಿ ಬಸ್ಸು ಅಷ್ಟೇನೂ ಹಿಂದೆ ಇರುವುದಿಲ್ಲ.

ಮಾತ್ರೆ, ಇನ್ಸುಲಿನ್‌ಗೆ ಬೇಕಾದ ಲೆಕ್ಕ

ಈ ಲೆಕ್ಕ ಬರೀ ಕುತೂಹಲದ್ದಲ್ಲ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೋ ಮಗನ ಗೃಹಪ್ರವೇಶಕ್ಕೋ ಹೋಗುವ ಅಪ್ಪ ಅಮ್ಮಂದಿರಿಗೆ ಇದು ಬಹಳ ಮುಖ್ಯ. ಟಿಕೆಟ್‌ನಲ್ಲಿ ಹೊರಡುವ ಮತ್ತು ತಲುಪುವ ಹೊತ್ತು ಎರಡೂ ಆಯಾ ಊರಿನ ಗಡಿಯಾರದ್ದು. ಉದಾಹರಣೆಗೆ, ಚಳಿಗಾಲದಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟ ವಿಮಾನ ಅದೇ ದಿನ ಸಂಜೆ 5.30ಕ್ಕೆ ಸ್ಯಾನ್‌ಫ್ರಾನ್ಸಿಸ್ಕೊ ತಲುಪುತ್ತದೆ ಎಂದಿಟ್ಟುಕೊಳ್ಳಿ. ಮೂರೂವರೆ ಗಂಟೆಯಂತೆ ಕಾಣುತ್ತದೆ. ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಕೂಡಿಸಿದರೆ ನಿಜವಾದ ಪ್ರಯಾಣ 17 ಗಂಟೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ವ್ಯತ್ಯಾಸ ಹನ್ನೆರಡೂವರೆ ಗಂಟೆ. ವಾಪಸ್ ಬರುವಾಗ ಇದು ಉಲ್ಟಾ: ಝೋಯಾ ಅಗರ್ವಾಲ್ ಅವರ ವಿಮಾನ ಶನಿವಾರ ರಾತ್ರಿ ಹೊರಟು ಬೆಂಗಳೂರು ಮುಟ್ಟಿದ್ದು ಸೋಮವಾರ ಬೆಳಗಿನ ಜಾವ, ಆದರೆ ಹಾರಿದ್ದು ಸುಮಾರು ಹದಿನೇಳು ಗಂಟೆ ಅಷ್ಟೇ.

ದಿನಕ್ಕೊಮ್ಮೆ ರಾತ್ರಿ 9ಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ಹೊರಡುವ ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ತೆಗೆದುಕೊಂಡು, ಮುಂದಿನದನ್ನು "ಅಲ್ಲಿಯೂ ರಾತ್ರಿ 9ಕ್ಕೆ" ಎಂದು ಇಟ್ಟುಕೊಂಡರೆ ನಡುವಿನ ಅಂತರ 24 ಗಂಟೆಯಲ್ಲ, ಮೂವತ್ತೇಳೂವರೆ ಗಂಟೆ. ವಾಪಸ್ ಬರುವಾಗ ಹಾಗೆಯೇ ಗಡಿಯಾರ ನೋಡಿ ತೆಗೆದುಕೊಂಡರೆ ಅಂತರ ಹತ್ತೂವರೆ ಗಂಟೆಗೆ ಇಳಿಯಬಹುದು. ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಕುಸಿಯುವ ಭಯ ಅಲ್ಲಿರುತ್ತದೆ. ಹೊರಡುವ ಮುಂಚೆ ಟಿಕೆಟ್ ಹಿಡಿದು ವೈದ್ಯರ ಬಳಿ ಹೋಗುವಾಗ ಊರಿನ ಸಮಯಗಳ ಜೊತೆಗೆ ಒಟ್ಟು ಗಂಟೆಗಳನ್ನೂ ಬರೆದುಕೊಂಡು ಹೋಗಿ. ಬಿ.ಪಿ., ಫಿಟ್ಸ್, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ತೆಗೆದುಕೊಳ್ಳುವವರೂ ಇದನ್ನೇ ಕೇಳಬೇಕು. ಡೋಸ್ ಹೆಚ್ಚು ಕಡಿಮೆ ಮಾಡುವುದನ್ನು ಯಾವ ಫಾರ್ವರ್ಡ್ ನೋಡಿಯೂ ನಿರ್ಧರಿಸಬೇಡಿ, ಈ ಲೇಖನ ನೋಡಿಯೂ ಬೇಡ.

ಹದಿನೇಳು ಗಂಟೆ ಕೂತೇ ಇರುವುದರಿಂದ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಾಧ್ಯತೆಯ ಬಗ್ಗೆಯೂ ಭಯ ಹುಟ್ಟಿಸುವ ಸಂದೇಶಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆಗೂ ಹೆಚ್ಚಿನ ಪ್ರಯಾಣದಲ್ಲಿ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ, ಆದರೂ ಆರೋಗ್ಯವಂತರಲ್ಲಿ ಅದು ಆರು ಸಾವಿರಕ್ಕೆ ಒಂದರಷ್ಟು. ಬಸ್ಸು, ರೈಲು, ಕಾರಿನಲ್ಲೂ ಹೀಗೇ. ಎದ್ದು ನಾಲ್ಕು ಹೆಜ್ಜೆ ನಡೆಯುವುದು, ಕೂತಲ್ಲೇ ಪಾದ ಆಡಿಸುವುದು ಸಾಕಷ್ಟು ಸಹಾಯ ಮಾಡುತ್ತದೆ. ಹಿಂದೆ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಆಪರೇಷನ್ ಆದವರು, ಗರ್ಭಿಣಿಯರು ಮೊದಲೇ ವೈದ್ಯರನ್ನು ಕೇಳಬೇಕು.

ಇನ್ಸುಲಿನ್ ಮತ್ತು ಮಾತ್ರೆಗಳು ಕೈಚೀಲದಲ್ಲೇ ಇರಲಿ, ಜೊತೆಗೆ ವೈದ್ಯರ ಚೀಟಿ. ಚೆಕ್-ಇನ್ ಮಾಡಿದ ಸೂಟ್‌ಕೇಸ್ ವಿಮಾನದ ಹೊಟ್ಟೆಯ ಚಳಿಯಲ್ಲಿ ಹೋಗುತ್ತದೆ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಸೂಟ್‌ಕೇಸ್ ಒಂದು ದಿನ ತಡವಾಗಿ ಬರುವುದೂ ಉಂಟು.